ಮುಖ್ಯ ಚಿತ್ರಕ್ಕೆ ಮುಂಚಿನ ಹತ್ತು ನಿಮಿಷ: ಆಸ್ಪತ್ರೆಗಳಿಗೆ ಹಣ ಕೂಡಿಸಿದ ಹಳೆಯ ಕಿರುಚಿತ್ರಗಳು

1931ರ ಏಪ್ರಿಲ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ‘ದಿ ಸ್ಟೋಲನ್ ಜೂಲ್ಸ್’ ಎಂಬ ಎರಡು ರೀಲಿನ ಹಾಸ್ಯಚಿತ್ರ ಬಂತು. ಕಥೆ ಸರಳ. ತಾರೆಯರ ವಾರ್ಷಿಕ ನೃತ್ಯಕೂಟದಲ್ಲಿ ನಟಿ ನಾರ್ಮಾ ಶಿಯರರ್ ಅವರ ಒಡವೆ ಕಳುವಾಗುತ್ತದೆ. ಪತ್ತೇದಾರನೊಬ್ಬ ಒಬ್ಬೊಬ್ಬ ನಟ-ನಟಿಯ ಹತ್ತಿರ ಹೋಗಿ ವಿಚಾರಿಸುತ್ತಾನೆ. ಸುಮಾರು ಇಪ್ಪತ್ತು ನಿಮಿಷದೊಳಗೆ ಬಸ್ಟರ್ ಕೀಟನ್, ಲಾರೆಲ್ ಮತ್ತು ಹಾರ್ಡಿ, ಜೋನ್ ಕ್ರಾಫರ್ಡ್, ಗ್ಯಾರಿ ಕೂಪರ್, ಎಡ್ವರ್ಡ್ ಜಿ. ರಾಬಿನ್‌ಸನ್, ಬಾರ್ಬರಾ ಸ್ಟ್ಯಾನ್‌ವಿಕ್, ಐರೀನ್ ಡನ್, ಫೇ ರೇ ಸೇರಿ ಡಜನ್‌ಗಟ್ಟಲೆ ತಾರೆಯರು ಬಂದು ಹೋಗುತ್ತಾರೆ.

ಆಗಿನ ಹಾಲಿವುಡ್‌ನಲ್ಲಿ ಇದು ಸಣ್ಣ ಮಾತಲ್ಲ. ತಾರೆಯರು ಒಂದೊಂದು ಸ್ಟುಡಿಯೊದ ಜೊತೆ ವರ್ಷಗಟ್ಟಲೆ ಕರಾರಿನಲ್ಲಿದ್ದರು. ಒಂದು ಸ್ಟುಡಿಯೊದ ನಟ ಇನ್ನೊಂದರ ಚಿತ್ರದಲ್ಲಿ ಕಾಣಿಸಿಕೊಳ್ಳಬೇಕಾದರೆ ಮಾತುಕತೆ, ಬಾಡಿಗೆ, ಕಾಗದಪತ್ರ ಎಲ್ಲ ಆಗಬೇಕಿತ್ತು. ಇಲ್ಲಿ ಮಾತ್ರ ಎಂಜಿಎಂ, ಪ್ಯಾರಮೌಂಟ್, ವಾರ್ನರ್, ಫಾಕ್ಸ್, ಆರ್‌ಕೆಓ, ಹಾಲ್ ರೋಚ್ ಕಂಪನಿಗಳ ತಾರೆಯರೆಲ್ಲ ಒಂದೇ ಚಿತ್ರದಲ್ಲಿದ್ದಾರೆ. ಕಾರಣ, ಇದು ಲಾಭಕ್ಕೆ ತೆಗೆದ ಚಿತ್ರವಲ್ಲ. ನ್ಯೂಯಾರ್ಕ್ ರಾಜ್ಯದ ಸಾರನಾಕ್ ಲೇಕ್ ಎಂಬ ಗುಡ್ಡಗಾಡಿನ ಊರಿನಲ್ಲಿ ರಂಗ ಕಲಾವಿದರಿಗಾಗಿ ಕಟ್ಟಿದ ಕ್ಷಯರೋಗದ ಸ್ಯಾನಿಟೋರಿಯಂಗೆ ಹಣ ಕೂಡಿಸಲು ತೆಗೆದ ಚಿತ್ರ.

ಇಂಥ ಚಿತ್ರಗಳು 1910ರಿಂದ 1950ರ ದಶಕದವರೆಗೆ ಅಮೆರಿಕದಲ್ಲಿ ವರ್ಷವರ್ಷವೂ ಬಂದವು. ಇಂದು ಅಂತರ್ಜಾಲದಲ್ಲಿ ಇವನ್ನು ನೋಡುವವರು ಸಾಮಾನ್ಯವಾಗಿ ತಾರೆಯರನ್ನು ಗುರುತು ಹಿಡಿಯುವುದರಲ್ಲೇ ಮುಳುಗುತ್ತಾರೆ. ಚಿತ್ರ ನಿಜವಾಗಿ ಏನು ಮಾಡುತ್ತಿತ್ತು ಎಂಬುದು ಆಗ ಕಣ್ಣಿಗೆ ಬೀಳುವುದಿಲ್ಲ. ಚಿತ್ರ ಮುಗಿದ ಮೇಲಿನ ಎರಡು ಮೂರು ನಿಮಿಷಕ್ಕಾಗಿ ಇಡೀ ಚಿತ್ರವನ್ನು ಹೆಣೆದಿರುತ್ತಿದ್ದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಥೆ ಯಾಕೆ ಹೀಗೆ, ಉದ್ದ ಯಾಕೆ ಇಷ್ಟು, ಪ್ರತಿಗಳು ಯಾಕೆ ಹಾಳಾದವು ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಹಾಯಾರ್ಥ ಪ್ರದರ್ಶನಕ್ಕೂ ಇದಕ್ಕೂ ಇರುವ ವ್ಯತ್ಯಾಸ

ನಮ್ಮಲ್ಲಿ ಸಹಾಯಾರ್ಥ ಪ್ರದರ್ಶನ ಎಂದರೆ ಎಲ್ಲರಿಗೂ ಗೊತ್ತು. ನಾಟಕ ಕಂಪನಿ ಒಂದು ರಾತ್ರಿಯ ಕಲೆಕ್ಷನ್ನನ್ನು ಶಾಲೆಗೋ ದೇವಸ್ಥಾನಕ್ಕೋ ಕೊಡುತ್ತದೆ. ಅಲ್ಲಿ ಟಿಕೆಟ್ಟಿನ ಹಣವೇ ದೇಣಿಗೆ. ಈ ಕಿರುಚಿತ್ರಗಳ ಲೆಕ್ಕ ಬೇರೆ. ಟಿಕೆಟ್ಟಿನ ಹಣ ಎಂದಿನಂತೆ ಚಿತ್ರಮಂದಿರದವರಿಗೂ ಮುಖ್ಯ ಚಿತ್ರದ ಹಂಚಿಕೆದಾರರಿಗೂ ಹೋಗುತ್ತಿತ್ತು. ಪ್ರೇಕ್ಷಕರು ಅದರ ಮೇಲೆ ತಮ್ಮ ಜೇಬಿನಿಂದ ಇನ್ನಷ್ಟು ಕೊಡಬೇಕಿತ್ತು, ಇಲ್ಲವೇ ಹೊರಗೆ ಹೋದ ಮೇಲೆ ಒಂದು ಸೀಲು, ಅಂದರೆ ಅಂಚೆಚೀಟಿಯಂಥ ದೇಣಿಗೆ ಚೀಟಿ, ಕೊಳ್ಳಬೇಕಿತ್ತು.

ಹಾಗಾಗಿ ಮೂರು ಕಡೆಯಿಂದ ಉಪಕಾರ ಕೂಡಿಬರದೆ ಈ ಏರ್ಪಾಡು ನಡೆಯುತ್ತಿರಲಿಲ್ಲ. ಚಿತ್ರ ತೆಗೆಯುವ ಖರ್ಚನ್ನು ಯಾರಾದರೂ ಹೊರಬೇಕು, ಕಲಾವಿದರು ಸಂಬಳವಿಲ್ಲದೆ ದುಡಿಯಬೇಕು. ಚಿತ್ರಮಂದಿರದ ಮಾಲೀಕ ತನ್ನ ಕಾರ್ಯಕ್ರಮದಲ್ಲಿ ಹತ್ತು-ಇಪ್ಪತ್ತು ನಿಮಿಷವನ್ನು ಬಿಟ್ಟುಕೊಡಬೇಕು. ಕೊನೆಗೆ ಆ ಊರಿನಲ್ಲಿ ಡಬ್ಬಿ ಹಿಡಿದು ನಿಲ್ಲುವ ಜನ ಬೇಕು. ಇದರಲ್ಲಿ ತೀರಾ ದುಬಾರಿಯಾದದ್ದು ಚಿತ್ರ ತೆಗೆಯುವುದಲ್ಲ, ತೆರೆಯ ಮೇಲಿನ ಸಮಯ. ಪ್ರತಿ ಶೋಗೆ ಇಪ್ಪತ್ತು ನಿಮಿಷ ಹೆಚ್ಚಾದರೆ ದಿನಕ್ಕೆ ಐದು ಶೋ ನಡೆಸುವ ಮಂದಿರದಲ್ಲಿ ಸುಮಾರು ಒಂದು ಶೋನಷ್ಟು ಸಮಯವೇ ಹೋಗಿಬಿಡುತ್ತದೆ. ಅದಕ್ಕೇ ಬಹುತೇಕ ಮನವಿ ಚಿತ್ರಗಳು ಒಂದು ರೀಲಿಗೆ, ಅಂದರೆ ಧ್ವನಿಚಿತ್ರದ ವೇಗದಲ್ಲಿ ಹನ್ನೊಂದು ನಿಮಿಷದೊಳಗೆ, ಮುಗಿಯುತ್ತಿದ್ದವು. 1940ರ ದಶಕದ ಹೊತ್ತಿಗೆ ಬರೀ ಎರಡು-ಮೂರು ನಿಮಿಷದ ಟ್ರೇಲರ್‌ಗಳೇ ಹೆಚ್ಚಾದವು.

ಇಷ್ಟು ಹಣ ಯಾಕೆ ಬೇಕಿತ್ತು

ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟರು. ಆದರೆ ಅದನ್ನು ಕೊಲ್ಲುವ ಔಷಧ ಸಿಕ್ಕಿದ್ದು ಅರವತ್ತು ವರ್ಷಗಳ ಮೇಲೆ. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಪತ್ತೆಯಾಯಿತು, ಐಸೋನಿಯಾಜಿಡ್ 1952ರಲ್ಲಿ ಬಳಕೆಗೆ ಬಂತು. ನಡುವಿನ ಆ ಅವಧಿಯಲ್ಲಿ ಚಿಕಿತ್ಸೆ ಎಂದರೆ ವಿಶ್ರಾಂತಿ, ಶುದ್ಧ ಗಾಳಿ, ಹೊಟ್ಟೆ ತುಂಬ ಊಟ. ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರೂಡೊ ಎಂಬ ವೈದ್ಯರು ತಮಗೇ ಕ್ಷಯ ತಗುಲಿ ಗುಡ್ಡಗಾಡು ಸೇರಿ, 1880ರ ದಶಕದಲ್ಲಿ ಸಾರನಾಕ್ ಲೇಕ್‌ನಲ್ಲಿ ಸ್ಯಾನಿಟೋರಿಯಂ ಶುರು ಮಾಡಿದರು. ಅಲ್ಲಿನ ಮನೆಗಳಿಗೆಲ್ಲ ಗಾಜು ಹಾಕಿದ ಉದ್ದನೆಯ ಜಗಲಿ. ಚಳಿಗಾಲದ ಹಿಮದಲ್ಲೂ ರೋಗಿಗಳು ಕಂಬಳಿ ಹೊದ್ದು ಆ ಜಗಲಿಯಲ್ಲೇ ಮಲಗುತ್ತಿದ್ದರು.

ಶಸ್ತ್ರಚಿಕಿತ್ಸೆಯಂತೆ ಒಂದು ಸಲ ಹಣ ಕಟ್ಟಿದರೆ ಮುಗಿಯುವ ಖರ್ಚಲ್ಲ ಇದು. ಒಬ್ಬ ರೋಗಿ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಇರಬೇಕು. ಅಷ್ಟು ದಿನವೂ ಊಟ, ಹಾಸಿಗೆ, ದಾದಿಯರ ಸಂಬಳ ನಡೆಯುತ್ತಿರಬೇಕು. ವಾಡ್‌ವಿಲ್ ಎಂದರೆ ಹಾಡು, ಕುಣಿತ, ಹಾಸ್ಯದ ತುಣುಕುಗಳ ರಂಗಪ್ರದರ್ಶನ. ಊರೂರು ಅಲೆಯುವ ವಾಡ್‌ವಿಲ್ ಕಲಾವಿದರಿಗೆ ಈ ರೋಗ ಬೇಗ ಹತ್ತುತ್ತಿತ್ತು. ಗಾಳಿಯಾಡದ ಗ್ರೀನ್‌ರೂಮು, ಅಗ್ಗದ ಬಾಡಿಗೆ ಕೋಣೆಗಳಲ್ಲಿ ನಾಲ್ಕಾರು ಜನ, ಹೊತ್ತಲ್ಲದ ಹೊತ್ತಿನ ಊಟ. ಕೆಲಸ ನಿಂತ ದಿನವೇ ಆದಾಯವೂ ನಿಲ್ಲುತ್ತಿತ್ತು. ಅವರ ಸಂಘವಾದ ನ್ಯಾಷನಲ್ ವಾಡ್‌ವಿಲ್ ಆರ್ಟಿಸ್ಟ್ಸ್ ಕಟ್ಟಿದ ಸ್ಯಾನಿಟೋರಿಯಂಗೆ ವರ್ಷಕ್ಕೊಮ್ಮೆ ಚಿತ್ರಮಂದಿರಗಳಲ್ಲಿ ವಂತಿಗೆ ಎತ್ತುವ ವಾರ ಇರುತ್ತಿತ್ತು. ‘ಸ್ಟೋಲನ್ ಜೂಲ್ಸ್’ ಈ ವಂತಿಗೆಗೆ ಬಲ ಕೊಡಲು ಹುಟ್ಟಿದ್ದು. 1935ರಲ್ಲಿ ಹಾಸ್ಯನಟ ವಿಲ್ ರೋಜರ್ಸ್ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಆ ಸ್ಯಾನಿಟೋರಿಯಂಗೆ ಅವರ ಹೆಸರಿಟ್ಟರು. ಆ ಹೆಸರಿನಲ್ಲಿ ಮನವಿ ಟ್ರೇಲರ್‌ಗಳು ಇನ್ನೂ ದಶಕಗಟ್ಟಲೆ ಬಂದವು.

ಒಂದು ಸೆಂಟಿನ ಸೀಲಿನಿಂದ ಶುರು

ಎಲ್ಲಕ್ಕೂ ಮೊದಲಿನದು ಕ್ರಿಸ್‌ಮಸ್ ಸೀಲು. ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್‌ಬೋಲ್ 1904ರಲ್ಲಿ ಇದನ್ನು ಆರಂಭಿಸಿದರು. ಹಬ್ಬದ ಕಾಗದಗಳ ಮೇಲೆ ಅಂಚೆಚೀಟಿಯ ಪಕ್ಕ ಅಂಟಿಸುವ ಸಣ್ಣ ಚೀಟಿ, ಅದರ ಹಣ ಕ್ಷಯದ ಆಸ್ಪತ್ರೆಗೆ. ಅಮೆರಿಕದ ಡೆಲವೇರ್‌ನಲ್ಲಿ ಎಮಿಲಿ ಬಿಸೆಲ್ 1907ರಲ್ಲಿ ಅದೇ ಯೋಚನೆಯನ್ನು ಎತ್ತಿಕೊಂಡರು. ಬ್ರ್ಯಾಂಡಿವೈನ್ ಹೊಳೆಯ ದಡದ ಒಂದು ಪುಟ್ಟ ಕ್ಷಯ ಶಿಬಿರ ಮುಚ್ಚದಿರಲು ಬೇಕಿದ್ದದ್ದು 300 ಡಾಲರ್. ಒಂದು ಸೆಂಟಿನ ಸೀಲು ಮಾರಿ ಅದರ ಸುಮಾರು ಹತ್ತರಷ್ಟು ಬಂತು. ಮರುವರ್ಷದಿಂದ ರೆಡ್ ಕ್ರಾಸ್ ಇದನ್ನು ದೇಶಕ್ಕೆಲ್ಲ ಹಬ್ಬಿಸಿತು.

ಸೀಲು ಮಾರಾಟಕ್ಕೆ ಸಿನಿಮಾ ಜೊತೆಗೂಡಿದ್ದು 1910ರಲ್ಲಿ. ಎಡಿಸನ್ ಕಂಪನಿ ಆ ವರ್ಷ ‘ದಿ ರೆಡ್ ಕ್ರಾಸ್ ಸೀಲ್’ ತೆಗೆಯಿತು, 1911ರಲ್ಲಿ ‘ದಿ ಅವೇಕನಿಂಗ್ ಆಫ್ ಜಾನ್ ಬಾಂಡ್’, 1912ರಲ್ಲಿ ‘ಹೋಪ್’, 1914ರಲ್ಲಿ ‘ದಿ ಟೆಂಪಲ್ ಆಫ್ ಮೊಲೋಕ್’. ಇವು ಬರುತ್ತಿದ್ದದ್ದು ಕ್ರಿಸ್‌ಮಸ್ ಹತ್ತಿರವಾದಂತೆ. ‘ಹೋಪ್’ ತೆರೆಕಂಡದ್ದು ನವೆಂಬರಿನಲ್ಲಿ. ಜನವರಿಯಲ್ಲಿ ತೋರಿಸಿದರೆ ಸೀಲು ಕೊಳ್ಳುವವರೇ ಇರುವುದಿಲ್ಲವಲ್ಲ.

‘ಹೋಪ್’ ಚಿತ್ರದ ಹೆಣಿಗೆಯನ್ನು ಗಮನಿಸಬೇಕು. ಕ್ಷಯ ಎಂಬುದು ನಗರದ ಕೊಳಕು ಗಲ್ಲಿಗಳ ರೋಗ, ನಮ್ಮೂರಿಗೆ ಬರುವುದಿಲ್ಲ ಎಂದು ಸಣ್ಣ ಊರಿನವರು ನಂಬಿರುತ್ತಾರೆ. ಕೊನೆಗೆ ಅದು ಊರಿನ ಒಳ್ಳೆಯ ಮನೆತನದ ಯುವತಿಗೇ ಬರುತ್ತದೆ, ಚಿಕಿತ್ಸೆಗೆ ದೂರದ ಆಸ್ಪತ್ರೆಯನ್ನು ಹುಡುಕಬೇಕಾಗುತ್ತದೆ. ಕಥೆ ಎಲ್ಲಿ ನಡೆಯುತ್ತದೆ ಎಂಬುದೇ ಇಲ್ಲಿ ಮುಖ್ಯ. ನಗರದಲ್ಲಿ ಸೀಲು ಹೇಗೂ ಮಾರಾಟವಾಗುತ್ತಿತ್ತು. ಮಾರಾಟ ಹಬ್ಬಬೇಕಿದ್ದದ್ದು ಸಣ್ಣ ಊರುಗಳಿಗೆ. ಆದ್ದರಿಂದ ಕಥೆಯನ್ನು ಅಲ್ಲಿಗೇ ಒಯ್ದರು. ಕೊನೆ ಸಾವಿನಲ್ಲಿ ಮುಗಿಯದೆ ಗುಣವಾಗುವ ಕಡೆಗೆ ತಿರುಗುವುದಕ್ಕೂ ಕಾರಣವಿದೆ. ಕ್ಷಯ ಬಂದರೆ ಮುಗಿಯಿತು ಎಂದು ನಂಬಿದವನು ಹಣ ಕೊಡುವುದಿಲ್ಲ. ಕೊಟ್ಟರೆ ಬದುಕುತ್ತಾರೆ ಎಂದು ತೋರಿದಾಗ ಮಾತ್ರ ಕೊಡುತ್ತಾನೆ. ಹೆದರಿಕೆ ಎಷ್ಟು, ಭರವಸೆ ಎಷ್ಟು ಎಂಬ ಅಳತೆ ಈ ಇಡೀ ಪ್ರಕಾರದಲ್ಲಿ ಎಲ್ಲಕ್ಕಿಂತ ನಾಜೂಕಿನ ಕೆಲಸ.

ಒಡವೆ ಕಳುವಿನ ಕಥೆ ಯಾಕೆ ಆರಿಸಿಕೊಂಡರು

‘ಸ್ಟೋಲನ್ ಜೂಲ್ಸ್’ನಲ್ಲಿ ರೋಗಿಯಿಲ್ಲ, ಆಸ್ಪತ್ರೆಯಿಲ್ಲ, ಕಣ್ಣೀರಿಲ್ಲ. ತಾರೆಯರನ್ನು ನೋಡಲು ಜನ ಬರುತ್ತಾರೆ, ನಕ್ಕು ಹಗುರಾಗುತ್ತಾರೆ, ಹಗುರಾದವರ ಕೈ ಸಲೀಸಾಗಿ ಜೇಬಿಗೆ ಹೋಗುತ್ತದೆ ಎಂಬ ಲೆಕ್ಕ ಅದು. ಚಿತ್ರ ತೆಗೆದದ್ದು ಹಾಲಿವುಡ್‌ನ ನಟರ ಸಂಘವಾದ ಮಾಸ್ಕರ್ಸ್ ಕ್ಲಬ್, ಹಂಚಿದ್ದು ಪ್ಯಾರಮೌಂಟ್.

ಪತ್ತೇದಾರ ಒಬ್ಬೊಬ್ಬರನ್ನೇ ಭೇಟಿಯಾಗುವ ಕಥೆಯಿಂದ ಒಂದು ದೊಡ್ಡ ಅನುಕೂಲವಿತ್ತು. ಬೇರೆ ಬೇರೆ ಸ್ಟುಡಿಯೊಗಳ ನಟರು ಒಂದೇ ದಿನ ಒಂದೇ ಸೆಟ್ಟಿಗೆ ಬರುವುದು ಅಸಾಧ್ಯ. ಪತ್ತೇದಾರನ ಪಾತ್ರಧಾರಿಯೊಬ್ಬ ಎಲ್ಲ ಕಡೆಗೂ ಹೋದರೆ ಸಾಕು. ಪ್ರತಿ ನಟ ತನ್ನ ಎರಡು ಮೂರು ಸಾಲಿನ ಮಾತನ್ನು ಹೇಳಿ ಮುಗಿಸಬಹುದು. ಯಾರಾದರೂ ಕೈಕೊಟ್ಟರೆ ಆ ತುಣುಕನ್ನು ತೆಗೆದುಬಿಟ್ಟರೂ ಕಥೆ ಮುರಿಯುವುದಿಲ್ಲ. ಲಾರೆಲ್ ಮತ್ತು ಹಾರ್ಡಿ ಪೊಲೀಸ್ ಕಾರು ಓಡಿಸಿಕೊಂಡು ಬಂದು ಅದು ಕುಸಿದು ಚೂರಾಗುವ ದೃಶ್ಯವನ್ನೇ ನೋಡಿ. ಅದನ್ನು ಕತ್ತರಿಸಿ ಬೇರೆಡೆ ಇಟ್ಟರೂ ಪೂರ್ತಿ ಹಾಸ್ಯವಾಗಿಯೇ ನಿಲ್ಲುತ್ತದೆ. ಗುಣದ ಏರಿಳಿತ ಇದರ ಬೆಲೆ. ಚಿತ್ರಕ್ಕೆ ನಡಿಗೆಯೇ ಇಲ್ಲ, ತುಣುಕು ಮೇಲೆ ತುಣುಕು ಬೀಳುತ್ತದೆ. ಚಿತ್ರವಾಗಿ ಇದನ್ನು ಮೆಚ್ಚುವುದು ಕಷ್ಟ. ಏರ್ಪಾಡಾಗಿ ನೋಡಿದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೆಸರುಗಳನ್ನು ಒಂದೆಡೆ ತಂದ ಜಾಣತನ ದೊಡ್ಡದು.

ಶೀರ್ಷಿಕೆ ಫಲಕದಲ್ಲೇ ಕಾಣುವ ಇನ್ನೊಂದು ಹೆಸರು ಇಂದಿನ ನೋಡುಗರನ್ನು ತಡೆದು ನಿಲ್ಲಿಸುತ್ತದೆ: ಚೆಸ್ಟರ್‌ಫೀಲ್ಡ್ ಸಿಗರೇಟು. ಶ್ವಾಸಕೋಶದ ರೋಗಿಗಳ ಆಸ್ಪತ್ರೆಗಾಗಿ ತೆಗೆದ ಚಿತ್ರಕ್ಕೆ ಸಿಗರೇಟು ಕಂಪನಿಯೇ ಪ್ರಾಯೋಜಕ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ ಮತ್ತು ಅಮೆರಿಕದ ದೊಡ್ಡ ಅಧ್ಯಯನಗಳು ಮುಂದಿಟ್ಟದ್ದು 1950ರಲ್ಲಿ, ಅಮೆರಿಕದ ಸರ್ಜನ್ ಜನರಲ್ ವರದಿ ಬಂದದ್ದು 1964ರಲ್ಲಿ. 1931ರ ಪ್ರೇಕ್ಷಕರು ಅದನ್ನು ಔದಾರ್ಯ ಎಂದೇ ಓದಿಕೊಂಡಿರಬೇಕು. ಕಂಪನಿಗೆ ಸಿಕ್ಕ ಲಾಭವೂ ಕಡಿಮೆಯದಲ್ಲ. ಯಾವ ಜಾಹೀರಾತಿಗೂ ಸಿಗದಷ್ಟು ತಾರೆಯರ ನಡುವೆ, ಒಂದು ಪುಣ್ಯಕಾರ್ಯದ ಜೊತೆಗೆ ಅದರ ಹೆಸರು ದೇಶದ ತೆರೆಗಳ ಮೇಲೆ ಮೂಡಿತು. ಧರ್ಮಾರ್ಥ ಚಿತ್ರಗಳನ್ನು ನೋಡುವಾಗ ಖರ್ಚು ಯಾರದು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು, ಉತ್ತರ ಬಹುಪಾಲು ಮೊದಲ ಮೂವತ್ತು ಸೆಕೆಂಡಿನಲ್ಲೇ ಇರುತ್ತದೆ.

ದೀಪ ಹತ್ತಿದ ಮೇಲೆ

ಮನವಿ ಚಿತ್ರವನ್ನು ಹಾಕುವ ಜಾಗ ಮುಖ್ಯ ಚಿತ್ರಕ್ಕೆ ಸ್ವಲ್ಪ ಮೊದಲು. ಆಗ ಸಭಾಂಗಣ ತುಂಬಿರುತ್ತದೆ, ಯಾರೂ ಎದ್ದು ಹೋಗುವುದಿಲ್ಲ. ಮುಖ್ಯ ಚಿತ್ರ ಮುಗಿದ ಮೇಲೆ ಹಾಕಿದರೆ ಜನ ಬಾಗಿಲ ಕಡೆ ನಡೆದಿರುತ್ತಾರೆ. ಚಿತ್ರದ ಕೊನೆಗೆ ಪರಿಚಿತ ಮುಖವೊಂದು ಕ್ಯಾಮೆರಾವನ್ನು ನೇರವಾಗಿ ನೋಡಿ, ಈಗ ನಿಮ್ಮ ಬಳಿ ಡಬ್ಬಿ ಬರುತ್ತದೆ, ಕೈಲಾದದ್ದು ಹಾಕಿ ಎನ್ನುತ್ತದೆ. ಆ ಕ್ಷಣಕ್ಕೆ ಆಪರೇಟರ್ ಪ್ರೊಜೆಕ್ಟರ್ ನಿಲ್ಲಿಸಬೇಕು, ದೀಪ ಹತ್ತಬೇಕು, ಸಾಲಿನ ಎರಡೂ ಕೊನೆಯಲ್ಲಿ ಸ್ವಯಂಸೇವಕರು ಆಗಲೇ ನಿಂತಿರಬೇಕು.

ದೀಪ ಹತ್ತಿಸುವುದು ಹಣ ಎಣಿಸಲು ಬೆಳಕು ಬೇಕೆಂದಲ್ಲ. ಮಂಗಳಾರತಿ ತಟ್ಟೆ ಎದುರಿಗೆ ಬಂದಾಗ ಅಕ್ಕಪಕ್ಕದವರ ಕಣ್ಣು ನಮ್ಮ ಕೈಯ ಮೇಲಿರುತ್ತದಲ್ಲ, ಇಲ್ಲಿ ಕೆಲಸ ಮಾಡುತ್ತಿದ್ದದ್ದೂ ಅದೇ. ಕತ್ತಲಲ್ಲಿ ಡಬ್ಬಿಯನ್ನು ಮುಂದಕ್ಕೆ ದಾಟಿಸಿಬಿಡುವುದು ಸುಲಭ.

ಕೆಡುವುದಕ್ಕೆ ಎಷ್ಟೋ ದಾರಿಗಳಿದ್ದವು. ಆಪರೇಟರ್ ಮರೆತು ಮುಂದಿನ ರೀಲು ಹಚ್ಚಿಬಿಟ್ಟರೆ ಆ ಶೋನ ಸಂಗ್ರಹ ಹೋದಂತೆಯೇ. ಸ್ವಯಂಸೇವಕರು ಕಡಿಮೆಯಿದ್ದರೆ ಮುಂದಿನ ಸಾಲುಗಳಿಗೆ ಡಬ್ಬಿ ತಲುಪಿ ಬಾಲ್ಕನಿ ಹಾಗೇ ಉಳಿಯುತ್ತಿತ್ತು. ದೀಪ ಹೆಚ್ಚು ಹೊತ್ತು ಉರಿದರೆ ಗುಸುಗುಸು ಶುರುವಾಗುತ್ತಿತ್ತು, ಮಾಲೀಕ ಮುಖ ಗಂಟಿಕ್ಕುತ್ತಿದ್ದ. ಎಲ್ಲಕ್ಕಿಂತ ದೊಡ್ಡ ತೊಂದರೆ ದಣಿವು. ರೆಡ್ ಕ್ರಾಸ್, ಕ್ಷಯ, ಪೋಲಿಯೊ, ಯುದ್ಧನಿಧಿ ಎಂದು ವರ್ಷದಲ್ಲಿ ಹಲವು ಸಲ ಡಬ್ಬಿ ಬಂದರೆ ಜನ ಸಿನಿಮಾಕ್ಕೆ ಬರಲೇ ಹಿಂಜರಿಯುತ್ತಾರೆ ಎಂಬುದು ಮಾಲೀಕರ ಅಳಲು.

ಹತ್ತು ಸೆಂಟಿನ ನಾಣ್ಯ

ಈ ಏರ್ಪಾಡನ್ನು ಅತಿ ಎತ್ತರಕ್ಕೆ ಒಯ್ದದ್ದು ಪೋಲಿಯೊ ವಿರುದ್ಧದ ಚಳವಳಿ. ಪೋಲಿಯೊದಿಂದ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1938ರ ಜನವರಿಯಲ್ಲಿ ಇದಕ್ಕಾಗಿ ರಾಷ್ಟ್ರೀಯ ಪ್ರತಿಷ್ಠಾನ ಕಟ್ಟಿದರು. ಆಗ ‘ದಿ ಮಾರ್ಚ್ ಆಫ್ ಟೈಮ್’ ಎಂಬ ಸುದ್ದಿಚಿತ್ರ ಮಾಲೆ ಜನಪ್ರಿಯವಾಗಿತ್ತು. ನಟ ಎಡ್ಡಿ ಕ್ಯಾಂಟರ್ ಅದರ ಹೆಸರನ್ನೇ ತಿರುಗಿಸಿ, ಡೈಮ್ ಎಂಬ ಹತ್ತು ಸೆಂಟಿನ ನಾಣ್ಯವನ್ನು ಸೇರಿಸಿ, ‘ಮಾರ್ಚ್ ಆಫ್ ಡೈಮ್ಸ್’ ಎಂದು ಕರೆದರು. ಶ್ವೇತಭವನಕ್ಕೆ ಡೈಮ್ ಕಳಿಸಿ ಎಂದ ಆ ಮೊದಲ ವರ್ಷ ಬಂದ ನಾಣ್ಯಗಳು 26 ಲಕ್ಷಕ್ಕೂ ಮೇಲೆ. ರೂಸ್‌ವೆಲ್ಟ್ ಹುಟ್ಟಿದ ದಿನ ಜನವರಿ 30, ಹಾಗಾಗಿ ಈ ಚಿತ್ರಗಳ ಋತು ಜನವರಿ.

ಹತ್ತು ಸೆಂಟು ಎಂಬ ಮೊತ್ತ ಚಿತ್ರಮಂದಿರಕ್ಕೆ ಹೇಳಿ ಮಾಡಿಸಿದ್ದು. ಒಂದೇ ನಾಣ್ಯ, ಚಿಲ್ಲರೆ ಹುಡುಕಬೇಕಿಲ್ಲ, ಮಕ್ಕಳೂ ಕೊಡಬಹುದು. ಎಂಜಿಎಂ ಸ್ಟುಡಿಯೊದ ಒಡೆತನ ಹೊಂದಿದ್ದ ಲೋಸ್ ಕಂಪನಿಯ ಮುಖ್ಯಸ್ಥ ನಿಕೊಲಸ್ ಶೆಂಕ್ ಚಿತ್ರೋದ್ಯಮದ ಕಡೆಯ ಸಂಗ್ರಹವನ್ನು ಮುನ್ನಡೆಸಿದರು. ಚಿತ್ರಮಂದಿರ ಸರಪಣಿಯ ಮಾಲೀಕರೇ ಮುಂದೆ ನಿಂತದ್ದರಿಂದ ತೆರೆಯ ಸಮಯಕ್ಕೆ ಬೇಡುವ ಪ್ರಮೇಯ ಬರಲಿಲ್ಲ.

ಕಥನ ಎರಡು ದಾರಿ ಹಿಡಿಯಿತು. ಒಂದು, ನಡೆದದ್ದನ್ನು ತೋರಿಸುವುದು. 1944ರ ಬೇಸಿಗೆಯಲ್ಲಿ ಉತ್ತರ ಕೆರೊಲಿನಾದ ಹಿಕರಿ ಊರಿನಲ್ಲಿ ಪೋಲಿಯೊ ಹಬ್ಬಿದಾಗ ಊರವರು ಮೂರು ದಿನದೊಳಗೆ ಒಂದು ತುರ್ತು ಆಸ್ಪತ್ರೆಯನ್ನೇ ನಿಲ್ಲಿಸಿದರು. ಗ್ರೀರ್ ಗಾರ್ಸನ್ ಕಾಣಿಸಿಕೊಂಡ ಮನವಿ ಚಿತ್ರ ಆ ಘಟನೆಯನ್ನೇ ಎತ್ತಿಕೊಂಡಿತು. ಇನ್ನೊಂದು, ಹೆದರಿಸುವುದು. ‘ದಿ ಕ್ರಿಪ್ಲರ್’ ಚಿತ್ರದಲ್ಲಿ ಪೋಲಿಯೊ ಒಂದು ನೆರಳಾಗಿ ಬಂದು, ತಾನೇ ಮಾತಾಡುತ್ತ ಮಕ್ಕಳನ್ನು ಹುಡುಕುತ್ತದೆ. ಇಂದು ನೋಡಿದರೂ ಮೈ ಜುಮ್ಮೆನ್ನುತ್ತದೆ. ಮಕ್ಕಳಿರುವ ಮನೆಯವರ ಎದೆಗೆ ಅಷ್ಟು ಭಯ ತುಂಬಬೇಕಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಅಂಗವಿಕಲತೆಯನ್ನೇ ಭೀತಿಯ ವಸ್ತುವಾಗಿಸಿದ್ದು ಈ ಚಿತ್ರಗಳ ದೊಡ್ಡ ದೋಷ ಎಂದೇ ಹೇಳಬೇಕು. ಅದೇ ಹಣದ ಬಲದಿಂದ ಜೋನಸ್ ಸಾಲ್ಕ್ ಅವರ ಲಸಿಕೆ ಸಿದ್ಧವಾಯಿತು, 1954ರಲ್ಲಿ ಲಕ್ಷಾಂತರ ಮಕ್ಕಳ ಮೇಲೆ ಪ್ರಯೋಗವಾಯಿತು, 1955ರ ಏಪ್ರಿಲ್ 12ರಂದು ಅದು ಕೆಲಸ ಮಾಡುತ್ತದೆ ಎಂಬ ಘೋಷಣೆ ಬಂತು ಎಂಬುದೂ ಅಷ್ಟೇ ನಿಜ.

ಕ್ಷಯದ ಕಡೆಯಲ್ಲಿ ನಿರ್ದೇಶಕ ಎಡ್ಗರ್ ಉಲ್ಮರ್ 1938ರ ಆಸುಪಾಸಿನಿಂದ ಕೆಲವೇ ವರ್ಷಗಳಲ್ಲಿ, ಸೀಲು ಮಾರಾಟ ನಡೆಸುತ್ತಿದ್ದ ನ್ಯಾಷನಲ್ ಟ್ಯುಬರ್‌ಕ್ಯುಲೋಸಿಸ್ ಅಸೋಸಿಯೇಷನ್‌ಗೆ ಹಲವು ಕಿರುಚಿತ್ರ ತೆಗೆದರು. ಇಲ್ಲಿ ಹಣದ ಹರಿವು ತಿರುಗುಮುರುಗು. ಸೀಲು ಮಾರಿದ ಹಣದಲ್ಲಿ ಚಿತ್ರ, ಚಿತ್ರದಲ್ಲಿ ರೋಗದ ತಿಳಿವಳಿಕೆ, ಅದರಿಂದ ಮತ್ತೆ ಸೀಲಿಗೆ ಮನ್ನಣೆ. ‘ಲೆಟ್ ಮೈ ಪೀಪಲ್ ಲಿವ್’ ಕಪ್ಪು ಜನರ ನಡುವಿನ ಕಥೆ, ‘ಕ್ಲೌಡ್ ಇನ್ ದಿ ಸ್ಕೈ’ ಮೆಕ್ಸಿಕನ್ ಮೂಲದ ಅಮೆರಿಕನ್ನರದ್ದು. ಯಾರಿಗೆ ಹೇಳುತ್ತಿದ್ದೇವೋ ಅವರ ಮುಖವೇ ತೆರೆಯ ಮೇಲಿರಬೇಕು ಎಂಬ ಈ ಎಚ್ಚರ ಆ ಕಾಲದ ಹಾಲಿವುಡ್‌ನಲ್ಲಿ ಅಪರೂಪ.

ಕೊನೆಯ ಮೂವತ್ತು ಸೆಕೆಂಡು ಎಲ್ಲಿ ಹೋಯಿತು

ಇಂದು ಸಿಗುವ ಪ್ರತಿಗಳಲ್ಲಿ ಮೊದಲು ಕಾಣೆಯಾಗುವುದು ಮನವಿಯ ಭಾಗವೇ. ಋತು ಮುಗಿದ ಮೇಲೆ ಆ ಭಾಗ ಯಾರಿಗೂ ಬೇಡ. ಮನರಂಜನೆಯ ಭಾಗವನ್ನು ಮತ್ತೆ ತೋರಿಸುವವನು ಮೊದಲು ಕತ್ತರಿಸುವುದು ಅದನ್ನೇ. 35 ಮಿ.ಮೀ. ಧ್ವನಿಚಿತ್ರದಲ್ಲಿ ಮೂವತ್ತು ಸೆಕೆಂಡೆಂದರೆ 45 ಅಡಿ, 16 ಮಿ.ಮೀ.ನಲ್ಲಿ ಬರೀ 18 ಅಡಿ. ಕತ್ತರಿಗೆ ಅದೊಂದು ಲೆಕ್ಕವೇ ಅಲ್ಲ. ‘ಸ್ಟೋಲನ್ ಜೂಲ್ಸ್’ ಕೂಡ ಬಹುಕಾಲ ಕಳೆದುಹೋಗಿದೆ ಎಂದೇ ನಂಬಿಕೆಯಿತ್ತು. ಬ್ರಿಟನ್ನಿನಲ್ಲಿ ಅದನ್ನು ‘ದಿ ಸ್ಲಿಪರಿ ಪರ್ಲ್ಸ್’ ಎಂಬ ಬೇರೆ ಹೆಸರಿನಲ್ಲಿ ತೋರಿಸಿದ್ದರು, ಅಲ್ಲಿನ ಪ್ರತಿಯಿಂದಲೇ ಅದು ಮತ್ತೆ ಬೆಳಕಿಗೆ ಬಂತು. ಹಳೆಯ ಚಿತ್ರ ಹುಡುಕುವಾಗ ಪರದೇಶದ ಹೆಸರನ್ನೂ ಹುಡುಕಬೇಕು.

ಒಂದು ಪ್ರತಿ ಪೂರ್ತಿಯಿದೆಯೇ ಎಂದು ತಿಳಿಯಲು ಕೊನೆಯ ನಿಮಿಷವನ್ನು ಕಿವಿಗೊಟ್ಟು ಕೇಳಿ. ಸಂಗೀತ ಸ್ವರದ ನಡುವೆ ತುಂಡಾಗಿದ್ದರೆ, ‘ಮುಕ್ತಾಯ’ ಫಲಕ ಇಲ್ಲದಿದ್ದರೆ ಅನುಮಾನ ಪಡಬೇಕು. ಕೈಯಲ್ಲಿ ಫಿಲಂ ಇದ್ದರೆ ಕೊನೆಯ ಇಪ್ಪತ್ತು ಅಡಿಯಲ್ಲಿ ಅಂಟಿಸಿದ ಜೋಡು ಇದೆಯೇ ನೋಡಿ.

ವರ್ಷ ಕಂಡುಹಿಡಿಯಲು ಫಿಲಂ ಅಂಚಿನಲ್ಲಿ ಕೊಡಾಕ್ ಕಂಪನಿ ಹಾಕುತ್ತಿದ್ದ ಸಣ್ಣ ಚಿಹ್ನೆಗಳಿವೆ: ಒಂದು ವೃತ್ತವಿದ್ದರೆ 1916, 1936 ಅಥವಾ 1956, ಒಂದು ಚೌಕವಿದ್ದರೆ 1917, 1937 ಅಥವಾ 1957, ತ್ರಿಕೋನವಾದರೆ 1918, 1938 ಅಥವಾ 1958. ಇಪ್ಪತ್ತು ವರ್ಷಕ್ಕೊಮ್ಮೆ ಚಿಹ್ನೆ ಮರುಕಳಿಸುತ್ತದೆ. ಇದು ಕಚ್ಚಾ ಫಿಲಂ ತಯಾರಾದ ವರ್ಷ, ಚಿತ್ರ ತೆಗೆದ ವರ್ಷವಲ್ಲ. ಜೊತೆಗೆ ನೆಗೆಟಿವ್‌ನ ಚಿಹ್ನೆಯೂ ಪ್ರಿಂಟಿನ ಮೇಲೆ ಮೂಡಿಬಿಡಬಹುದು. ಎರಡು ಬಗೆಯ ಚಿಹ್ನೆ ಕಂಡರೆ ನಂತರದ ವರ್ಷದ್ದು ಪ್ರಿಂಟಿನದು.

ಚಿತ್ರದೊಳಗೇ ಇನ್ನೂ ಒಳ್ಳೆಯ ಸಾಕ್ಷಿಗಳಿವೆ. ಕ್ರಿಸ್‌ಮಸ್ ಸೀಲನ್ನು ಹತ್ತಿರದಿಂದ ತೋರಿಸಿದ ದೃಶ್ಯದಲ್ಲಿ ತಡೆದು ನೋಡಿ, ಸೀಲಿನ ಮೇಲೆ ಸಾಮಾನ್ಯವಾಗಿ ವರ್ಷವೇ ಅಚ್ಚಾಗಿರುತ್ತದೆ. ಮಾಮೂಲಿ ಕೆಂಪು ಶಿಲುಬೆ ಇದ್ದರೆ 1920ಕ್ಕೂ ಹಿಂದಿನದು. ಆಮೇಲಿನ ಸೀಲುಗಳಲ್ಲಿ ಎರಡು ಅಡ್ಡಪಟ್ಟಿಯ ಶಿಲುಬೆ ಮಾತ್ರ. ಪೋಲಿಯೊ ಚಿತ್ರದಲ್ಲಿ ನಾಣ್ಯವನ್ನು ನೋಡಬೇಕು. ರೆಕ್ಕೆಯ ಟೊಪ್ಪಿಗೆ ತೊಟ್ಟ ತಲೆಯಿದ್ದರೆ ಹಳೆಯ ಡೈಮ್. ರೂಸ್‌ವೆಲ್ಟ್ ಮುಖವಿದ್ದರೆ 1946ರ ಜನವರಿ ಅಥವಾ ಆಮೇಲಿನ ಚಿತ್ರ, ಏಕೆಂದರೆ ಆ ನಾಣ್ಯ ಹೊರಬಂದದ್ದೇ ಆಗ.

ಫಿಲಂ ಕೈಗೆ ಬಂದರೆ

35 ಮಿ.ಮೀ. ಫಿಲಂ ಸಿಕ್ಕಿದರೆ ಮೊದಲು ಅಂಚಿನಲ್ಲಿ ‘ಸೇಫ್ಟಿ’ ಎಂಬ ಪದ ಹುಡುಕಿ, ಅದು ಸುಲಭವಾಗಿ ಹೊತ್ತಿಕೊಳ್ಳದ ಫಿಲಂನ ಗುರುತು. 1950ರ ದಶಕದ ಆರಂಭದವರೆಗೆ 35 ಮಿ.ಮೀ. ಚಿತ್ರಗಳೆಲ್ಲ ಬಹುತೇಕ ನೈಟ್ರೇಟ್ ಫಿಲಂ ಮೇಲೆ. ನೈಟ್ರೇಟ್ ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಬಿಡುಗಡೆ ಮಾಡಿಕೊಳ್ಳುತ್ತದೆ, ನೀರಿನಲ್ಲಿ ಅದ್ದಿದರೂ ಆರುವುದಿಲ್ಲ. ಕೆಡುತ್ತಾ ಬಂದ ಫಿಲಂ ಮೊದಲು ಕಂದಿ ಹಳದಿಯಾಗುತ್ತದೆ, ಆಮೇಲೆ ಅಂಟಂಟಾಗಿ ಜೇನಿನ ಬಣ್ಣದ ನೊರೆ ಏಳುತ್ತದೆ, ಕೊನೆಗೆ ಕಂದು ಪುಡಿ. ಆ ಹಂತದ ಫಿಲಂ ಸುಮಾರು 41 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಹುಕಾಲ ಇದ್ದರೆ ತಾನಾಗಿ ಹೊತ್ತಿಕೊಳ್ಳಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅಷ್ಟು ಸೆಕೆ ಮಾಮೂಲು. ಅನುಮಾನವಿದ್ದರೆ ಡಬ್ಬಿಯ ಮುಚ್ಚಳ ಬಿಗಿಯದೆ, ತಂಪಾದ ಗಾಳಿಯಾಡುವ ಜಾಗದಲ್ಲಿಟ್ಟು, ಆರ್ಕೈವ್‌ನವರಿಗೆ ತಿಳಿಸುವುದೊಂದೇ ದಾರಿ.

16 ಮಿ.ಮೀ. ಬಂದದ್ದು 1923ರಲ್ಲಿ, ಕೊಡಾಕ್ ಅದನ್ನು ಮೊದಲಿನಿಂದಲೂ ಅಸಿಟೇಟ್ ಎಂಬ, ಸುಲಭವಾಗಿ ಹೊತ್ತಿಕೊಳ್ಳದ ಪ್ಲಾಸ್ಟಿಕ್ ಮೇಲೆಯೇ ಮಾಡಿತು. ಬೆಂಕಿಯ ಭಯವಿಲ್ಲ, ಆದರೆ ಅದಕ್ಕೆ ವಿನೆಗರ್ ರೋಗ. ಡಬ್ಬಿ ತೆರೆದೊಡನೆ ಹುಳಿ ವಾಸನೆ ಬಂದರೆ ಅಸಿಟೇಟ್ ಒಡೆಯತೊಡಗಿದೆ ಎಂದರ್ಥ. ಹೊರಬರುವ ಆಮ್ಲ ಆ ಒಡೆಯುವಿಕೆಯನ್ನೇ ಮತ್ತಷ್ಟು ಚುರುಕುಗೊಳಿಸುತ್ತದೆ, ಆದ್ದರಿಂದ ಉಳಿದ ರೀಲುಗಳಿಂದ ಕೂಡಲೇ ಬೇರೆಯಿಡಬೇಕು. ಕುಗ್ಗಿದೆಯೇ ಎಂದು ನೋಡಲು ಪ್ರಿಂಟಿನ 100 ಫ್ರೇಮುಗಳನ್ನು ಎಳೆಯದೆ ಮೇಜಿನ ಮೇಲೆ ಹಾಸಿ ಅಳೆಯಿರಿ, 762 ಮಿ.ಮೀ. ಇರಬೇಕು. 754ಕ್ಕೆ ಇಳಿದಿದ್ದರೆ ಶೇ. 1ರಷ್ಟು ಕುಗ್ಗಿದೆ. ಪ್ರೊಜೆಕ್ಟರಿನ ಹಲ್ಲುಗಳು ರಂಧ್ರಕ್ಕೆ ಕೂರದೆ ಅಂಚನ್ನು ಹರಿದುಹಾಕುತ್ತವೆ, ಓಡಿಸಲೇಬಾರದು.

ಡಿಜಿಟಲ್ ಮಾಡಿಸುವಾಗ ಎರಡು ತಪ್ಪು ಪದೇ ಪದೇ ಆಗುತ್ತವೆ. ಮೊದಲನೆಯದು ವೇಗ. ಒಂದು ಸಾವಿರ ಅಡಿಯ ಮೂಕಿ ರೀಲು ಸೆಕೆಂಡಿಗೆ 16 ಫ್ರೇಮಿನಂತೆ ಓಡಿದರೆ ಸುಮಾರು 16 ನಿಮಿಷ 40 ಸೆಕೆಂಡು, 24ರಂತೆ ಓಡಿಸಿದರೆ ಬರೀ 11 ನಿಮಿಷ. ಆಗ ರೋಗಿಯ ಹಾಸಿಗೆ ಪಕ್ಕದಲ್ಲಿ ಅಳುವ ತಾಯಿ ಕುಣಿಯುವ ಬೊಂಬೆಯಂತೆ ಕಾಣುತ್ತಾಳೆ, ಕರುಣೆ ಹೋಗಿ ನಗು ಬರುತ್ತದೆ. ಪ್ರತಿ ಫ್ರೇಮನ್ನೂ ಒಂದು ಚಿತ್ರವಾಗಿ ಸ್ಕ್ಯಾನ್ ಮಾಡಿಸಿ, ವೇಗವನ್ನು ಆಮೇಲೆ 16ರಿಂದ 20ರ ನಡುವೆ ನಡಿಗೆ ನೋಡಿ ಹೊಂದಿಸಬೇಕು. ಎರಡನೆಯದು ಚೌಕಟ್ಟು. ಆರಂಭದ ಧ್ವನಿಚಿತ್ರಗಳಲ್ಲಿ ಧ್ವನಿಪಟ್ಟಿಗೆ ಜಾಗ ಬಿಟ್ಟು ಚಿತ್ರ ಬಹುತೇಕ ಚೌಕಾಕಾರವಾಗಿತ್ತು. ಇಂದಿನ ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದರೆ ಮೊದಲು ಹೋಗುವುದು ಶೀರ್ಷಿಕೆ ಫಲಕದ ಅಂಚಿನ ಸಾಲುಗಳು: ಪ್ರಾಯೋಜಕರ ಹೆಸರು, ದೇಣಿಗೆ ಕಳಿಸಬೇಕಾದ ವಿಳಾಸ.

ನೋಡಬೇಕೆನ್ನುವವರಿಗೆ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಮತ್ತು ಇಂಟರ್ನೆಟ್ ಆರ್ಕೈವ್ ಜಾಲತಾಣಗಳಲ್ಲಿ ಆರೋಗ್ಯ ಪ್ರಚಾರದ ಹಳೆಯ ಚಿತ್ರಗಳು ಸಾಕಷ್ಟಿವೆ. ‘ಹೋಪ್’ ಚಿತ್ರವನ್ನು ನ್ಯಾಷನಲ್ ಫಿಲ್ಮ್ ಪ್ರಿಸರ್ವೇಷನ್ ಫೌಂಡೇಷನ್ ತನ್ನ ಸಾಮಾಜಿಕ ಚಿತ್ರಗಳ ಸಂಗ್ರಹದಲ್ಲಿ ಸೇರಿಸಿದೆ. ‘ಸ್ಟೋಲನ್ ಜೂಲ್ಸ್’ ಹಕ್ಕುಮುಕ್ತ, ಸುಲಭವಾಗಿ ಸಿಗುತ್ತದೆ. ಬಳಸಿಕೊಳ್ಳುವಾಗ ಒಂದು ಎಚ್ಚರ ಬೇಕು: ಚಿತ್ರದ ಹಕ್ಕು ಮುಗಿದಿದ್ದರೂ, ಮೂಕಿ ಚಿತ್ರಕ್ಕೆ ಇತ್ತೀಚೆಗೆ ಸೇರಿಸಿದ ಹಿನ್ನೆಲೆ ಸಂಗೀತಕ್ಕೆ ಹೊಸ ಹಕ್ಕು ಇರುತ್ತದೆ. ಸಂಗೀತ ತೆಗೆದು ಬಳಸುವುದು ಕ್ಷೇಮ.

ನಮ್ಮ ಕಡೆ

ಭಾರತದಲ್ಲಿ ಸೀಲು ಬಂತು, ಡಬ್ಬಿಯ ಜೊತೆಗಿನ ಸಿನಿಮಾ ಆ ಪ್ರಮಾಣದಲ್ಲಿ ಬೇರೂರಲಿಲ್ಲ. 1939ರಲ್ಲಿ ಹುಟ್ಟಿದ ಭಾರತ ಕ್ಷಯರೋಗ ಸಂಘ 1950ರಿಂದ ಗಾಂಧಿ ಜಯಂತಿಯ ದಿನ ಟಿಬಿ ಸೀಲು ಮಾರಾಟ ಆರಂಭಿಸುವ ಪದ್ಧತಿ ತಂದಿತು. ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲಿನ ಆ ಹತ್ತು ನಿಮಿಷ ಮಾತ್ರ ಸರ್ಕಾರದ ಚಿತ್ರ ವಿಭಾಗವಾದ ಫಿಲ್ಮ್ಸ್ ಡಿವಿಷನ್ ಪಾಲಾಗಿತ್ತು. ಅಮೆರಿಕದಲ್ಲಿ ಮಾಲೀಕನ ಮನವೊಲಿಸಿ ಪಡೆಯಬೇಕಿದ್ದ ಸಮಯ ಇಲ್ಲಿ ಲೈಸೆನ್ಸಿನ ಷರತ್ತಾಗಿತ್ತು. ಸಿಡುಬು, ಮಲೇರಿಯಾ, ಕುಷ್ಠ, ಕುಟುಂಬ ಯೋಜನೆಯ ಚಿತ್ರಗಳನ್ನು ಕನ್ನಡದ ವಿವರಣೆಯೊಂದಿಗೆ ನೋಡುತ್ತ ಬೆಳೆದ ತಲೆಮಾರೇ ನಮ್ಮಲ್ಲಿದೆ. ಅವು ಹಣ ಕೇಳಲಿಲ್ಲ, ತಿಳಿವಳಿಕೆ ಕೊಟ್ಟವು, ಮುಗಿದೊಡನೆ ದೀಪ ಹತ್ತದೆ ನೇರ ಮುಖ್ಯ ಚಿತ್ರ ಶುರುವಾಗುತ್ತಿತ್ತು.